ಕ್ರಿಪ್ಟೊ ಸ್ಟಾರ್ಟ್‌ಅಪ್‌ಗೆ ಇನ್‌ಫ್ಲುಯೆನ್ಸರ್ ಪ್ರಚಾರ: ಮೊದಲ ರೂಪಾಯಿ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ

“ಯೂಟ್ಯೂಬರ್ ಒಬ್ಬರು ಒಂದು ವಿಡಿಯೊಗೆ ಎರಡು ಲಕ್ಷ ರೂಪಾಯಿ ಕೇಳುತ್ತಿದ್ದಾರೆ, ಕೊಡಬಹುದೇ?” ಬೆಂಗಳೂರಿನ ಬ್ಲಾಕ್‌ಚೈನ್ (ಕ್ರಿಪ್ಟೊ ವಹಿವಾಟುಗಳನ್ನು ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ದಾಖಲಿಸಿಡುವ ಲೆಕ್ಕದ ಪುಸ್ತಕ) ಸ್ಟಾರ್ಟ್‌ಅಪ್‌ಗಳವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. ದುಬೈನಲ್ಲಿ ಕಂಪನಿ ತೆರೆದಿರುವ ಕನ್ನಡಿಗರೂ ಇದನ್ನೇ ಕೇಳುತ್ತಾರೆ. ಪ್ರತಿ ಬಾರಿಯೂ ನಾನು ಮರುಪ್ರಶ್ನೆ ಹಾಕುತ್ತೇನೆ: ಆ ವಿಡಿಯೊ ನೋಡಿದವರು ಏನು ಮಾಡಬೇಕೆಂದು ನೀವು ಬಯಸುತ್ತೀರಿ? ಇದಕ್ಕೆ ಒಂದೇ ವಾಕ್ಯದ ಉತ್ತರ ಸಿಗುವುದು ಅಪರೂಪ. ಆ ಉತ್ತರ ಸಿಗುವ ತನಕ ಎರಡು ಲಕ್ಷವೂ ವ್ಯರ್ಥ, ಇಪ್ಪತ್ತು ಸಾವಿರವೂ ವ್ಯರ್ಥ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಇನ್‌ಫ್ಲುಯೆನ್ಸರ್ ಎಂದರೆ ಸಾಮಾಜಿಕ ಜಾಲತಾಣದಲ್ಲಿ ತನ್ನದೇ ನೋಡುಗರನ್ನು ಗಳಿಸಿಕೊಂಡು, ಅವರ ಆಯ್ಕೆಗಳ ಮೇಲೆ ಪ್ರಭಾವ ಬೀರಬಲ್ಲ ವ್ಯಕ್ತಿ. ಕ್ರಿಪ್ಟೊ ವಲಯದಲ್ಲಿ ಇಂಥವರನ್ನು ‘ಕೆಒಎಲ್’ ಎಂದೂ ಕರೆಯುತ್ತಾರೆ. ‘ಕೀ ಒಪಿನಿಯನ್ ಲೀಡರ್’ ಎಂಬುದರ ಹ್ರಸ್ವರೂಪ ಅದು. ಟೆಲಿಗ್ರಾಂ ಗುಂಪಿನಲ್ಲಿ ಯಾರಾದರೂ “ನಮ್ಮ ಬಳಿ ಐವತ್ತು ಕೆಒಎಲ್‌ಗಳಿದ್ದಾರೆ” ಎಂದು ಸಂದೇಶ ಕಳುಹಿಸಿದರೆ, ಅವರು ದಲ್ಲಾಳಿಗಳೆಂದು ತಿಳಿಯಿರಿ.

ಸೋಪು ಮಾರುವವರ ಪ್ರಚಾರಕ್ಕೂ ನಿಮ್ಮ ಪ್ರಚಾರಕ್ಕೂ ಇರುವ ವ್ಯತ್ಯಾಸ ಇಷ್ಟು. ಸೋಪು ಚೆನ್ನಾಗಿಲ್ಲದಿದ್ದರೆ ಗ್ರಾಹಕ ನಲವತ್ತು ರೂಪಾಯಿ ಕಳೆದುಕೊಳ್ಳುತ್ತಾನೆ. ನಿಮ್ಮ ಉತ್ಪನ್ನ ಕೈಕೊಟ್ಟರೆ ಅವನ ಉಳಿತಾಯವೇ ಹೋಗಬಹುದು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅನ್ನು, ಅಂದರೆ ಬ್ಲಾಕ್‌ಚೈನ್‌ನ ಮೇಲೆ ತಾನಾಗಿ ನಡೆಯುವ ಒಪ್ಪಂದದ ಪ್ರೋಗ್ರಾಂ ಅನ್ನು, ಓದಿ ಪರೀಕ್ಷಿಸುವ ಶಕ್ತಿ ಅವನಿಗಿಲ್ಲ. ಆದ್ದರಿಂದ ಅವನು ನಂಬುವುದು ನಿಮ್ಮನ್ನಲ್ಲ, ಪರದೆಯ ಮೇಲೆ ಮಾತನಾಡುತ್ತಿರುವ ಪರಿಚಿತ ಮುಖವನ್ನು. ನೀವು ಹಣ ಕೊಟ್ಟು ಪಡೆಯುತ್ತಿರುವುದು ಆ ನಂಬಿಕೆಯ ಕೈಗಡ. ಹಾಗಾಗಿ ಈ ಲೇಖನದ ಉದ್ದಕ್ಕೂ ನನ್ನ ಒತ್ತಾಯ ಒಂದೇ: ಇನ್‌ಫ್ಲುಯೆನ್ಸರ್ ಬಾಯಲ್ಲಿ ಬೆಲೆಯ ಮಾತನ್ನು ಆಡಿಸಬೇಡಿ, ಬಳಕೆಯನ್ನು ತೋರಿಸಲು ಹೇಳಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ನಿಜವಾಗಿ ಕೆಲಸ ಮಾಡುವ ಉತ್ಪನ್ನ ಇರಬೇಕು. ‘ಶೀಘ್ರದಲ್ಲೇ ಬರಲಿದೆ’ ಎನ್ನುವ ಪುಟ ಸಾಲದು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಇದ್ದರೆ ಹೊರಗಿನ ಭದ್ರತಾ ತಜ್ಞರು ಅದನ್ನು ತಪಾಸಣೆ ಮಾಡಿದ ವರದಿ ಇರಬೇಕು, ಅದು ಎಲ್ಲರೂ ಓದುವಂತಿರಬೇಕು. ಕ್ರಿಪ್ಟೊ ಬಲ್ಲ ಒಬ್ಬ ವಕೀಲರು ಮತ್ತು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಫೋನಿಗೆ ಸಿಗುವಂತಿರಬೇಕು. ಕನ್ನಡದ ನೋಡುಗರನ್ನು ಕರೆಯುತ್ತಿದ್ದೀರಿ ಎಂದಾದರೆ ಕನ್ನಡದಲ್ಲಿ ಉತ್ತರಿಸುವ ಗ್ರಾಹಕ ಸೇವೆಯೂ ಬೇಕು. ವಿಡಿಯೊ ಕನ್ನಡದಲ್ಲಿ, ದೂರು ಕೊಡಲು ಹೋದರೆ ಇಂಗ್ಲಿಷ್ ಮಾತ್ರ ಎಂಬ ಸ್ಥಿತಿ ನಿಮ್ಮ ಗ್ರಾಹಕನಿಗೆ ಅವಮಾನ.

ಇನ್ನೊಂದು ಮುಖ್ಯ ವಿಷಯ. ಭಾರತದಲ್ಲಿ 2023ರ ಮಾರ್ಚ್ 7ರ ಅಧಿಸೂಚನೆಯ ನಂತರ, ಕ್ರಿಪ್ಟೊ ಕೊಳ್ಳಲು, ಮಾರಲು, ವರ್ಗಾಯಿಸಲು ನೆರವಾಗುವ ಅಥವಾ ಗ್ರಾಹಕರ ಪರವಾಗಿ ಅದನ್ನು ಇಟ್ಟುಕೊಳ್ಳುವ ಸಂಸ್ಥೆಗಳು ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅಂಥವರು ಕೇಂದ್ರ ಹಣಕಾಸು ಸಚಿವಾಲಯದ ಹಣಕಾಸು ಗುಪ್ತಚರ ಘಟಕದಲ್ಲಿ, ಅಂದರೆ ಎಫ್‌ಐಯು-ಇಂಡಿಯಾದಲ್ಲಿ, ನೋಂದಾಯಿಸಿಕೊಳ್ಳಬೇಕು. ಹೊರದೇಶದಲ್ಲಿ ಕುಳಿತು ಇಲ್ಲಿಯ ಗ್ರಾಹಕರಿಗೆ ಸೇವೆ ಕೊಟ್ಟರೂ ಇದು ಅನ್ವಯಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಬೈನಾನ್ಸ್, ಕುಕಾಯಿನ್ ಸೇರಿ 9 ವಿದೇಶಿ ಎಕ್ಸ್‌ಚೇಂಜ್‌ಗಳಿಗೆ, ಅಂದರೆ ಕ್ರಿಪ್ಟೊ ಕೊಳ್ಳುವ, ಮಾರುವ ತಾಣಗಳಿಗೆ, ನೋಟಿಸ್ ಹೋಗಿತ್ತು. 2024ರಲ್ಲಿ ಬೈನಾನ್ಸ್‌ಗೆ 18.82 ಕೋಟಿ ರೂಪಾಯಿ ದಂಡ ಬಿತ್ತು. ನಿಮ್ಮ ಸೇವೆ ಈ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ. ಈ ಉತ್ತರ ಕೈಗೆ ಬರುವ ಮೊದಲು ಯಾವ ಇನ್‌ಫ್ಲುಯೆನ್ಸರ್‌ಗೂ ಫೋನ್ ಮಾಡಬೇಡಿ.

ಹಂತ 1: ಒಂದೇ ಒಂದು ಕೆಲಸವನ್ನು ಆರಿಸಿ

ವಿಡಿಯೊ ನೋಡಿದವರು ಏನು ಮಾಡಬೇಕು? ಖಾತೆ ತೆರೆದು ಗುರುತಿನ ಪರಿಶೀಲನೆ ಮುಗಿಸಬೇಕೇ? ವಾಲೆಟ್ ಅನ್ನು, ಅಂದರೆ ಕ್ರಿಪ್ಟೊ ಇಟ್ಟುಕೊಂಡು ಕಳುಹಿಸಲು ಬಳಸುವ ಆ್ಯಪ್ ಅನ್ನು, ಅಳವಡಿಸಿಕೊಂಡು ಒಮ್ಮೆ ಹಣ ಕಳುಹಿಸಿ ನೋಡಬೇಕೇ? ಡೆವಲಪರ್ ಆಗಿದ್ದರೆ ನಿಮ್ಮ ಟೆಸ್ಟ್‌ನೆಟ್‌ನಲ್ಲಿ, ಅಂದರೆ ನಿಜವಾದ ಹಣವಿಲ್ಲದ ಪ್ರಯೋಗ ಜಾಲದಲ್ಲಿ, ಒಂದು ಆ್ಯಪ್ ಕಟ್ಟಬೇಕೇ? ಒಂದನ್ನು ಮಾತ್ರ ಬರೆದಿಟ್ಟುಕೊಳ್ಳಿ. ‘ಹೆಸರು ಎಲ್ಲರಿಗೂ ಗೊತ್ತಾಗಬೇಕು’ ಎಂಬುದು ಕೆಲಸವಲ್ಲ, ಅದನ್ನು ಅಳೆಯಲೂ ಬರುವುದಿಲ್ಲ.

ನೀವು ಡೆವಲಪರ್‌ಗಳಿಗಾಗಿ ಉಪಕರಣ ಮಾಡುವವರಾದರೆ ಲಕ್ಷಾಂತರ ಫಾಲೋವರ್‌ಗಳಿರುವ ಮುಖ ನಿಮಗೆ ಬೇಕಾಗಿಯೇ ಇಲ್ಲ. ಬೆಂಗಳೂರಿನಲ್ಲಿ 2018ರಿಂದ ಈಥ್‌ಇಂಡಿಯಾ ಹ್ಯಾಕಥಾನ್‌ಗಳು, ಅಂದರೆ ಡೆವಲಪರ್‌ಗಳು ಒಂದೆಡೆ ಸೇರಿ ಕೋಡ್ ಬರೆಯುವ ಸ್ಪರ್ಧೆಗಳು, ನಡೆದಿವೆ. ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ ರಾತ್ರಿಯೆಲ್ಲ ಕೋಡ್ ಬರೆಯುವ ಹುಡುಗ ಹುಡುಗಿಯರು ಯಾರ ಮಾತು ಕೇಳುತ್ತಾರೆ ನೋಡಿ. ನಾಲ್ಕು ಸಾವಿರ ಚಂದಾದಾರರಿರುವ, ಪರದೆ ಹಂಚಿಕೊಂಡು ಕೋಡನ್ನು ಸಾಲು ಸಾಲಾಗಿ ವಿವರಿಸುವ ಒಬ್ಬ ಮೇಷ್ಟ್ರು ಅಲ್ಲಿ ಸಿನಿಮಾ ತಾರೆಗಿಂತ ದೊಡ್ಡವರು.

ಹಂತ 2: ನಿಯಮಗಳನ್ನು ಮೊದಲು ಓದಿ, ಆಮೇಲೆ ಸ್ಕ್ರಿಪ್ಟ್ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಭಾರತದ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐ, ಕ್ರಿಪ್ಟೊ ಜಾಹೀರಾತುಗಳಿಗೆಂದೇ ರೂಪಿಸಿದ ಮಾರ್ಗಸೂಚಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಂಡಳಿಯು ಜಾಹೀರಾತು ಉದ್ಯಮ ತಾನೇ ಕಟ್ಟಿಕೊಂಡ ಸಂಸ್ಥೆ, ನ್ಯಾಯಾಲಯವಲ್ಲ. ಹಾಗೆಂದು ಅದನ್ನು ಕಡೆಗಣಿಸಬೇಡಿ. ಮಾರ್ಗಸೂಚಿಯ ಪ್ರಕಾರ ಪ್ರತಿ ಜಾಹೀರಾತಿನಲ್ಲೂ ಒಂದು ಎಚ್ಚರಿಕೆಯ ಸಾಲು ಇರಲೇಬೇಕು. ಅದರ ಕನ್ನಡ ರೂಪವನ್ನು ನಾನು ಹೀಗೆ ಬರೆಸುತ್ತೇನೆ (ಎನ್‌ಎಫ್‌ಟಿ ಎಂದರೆ ಒಂದು ಡಿಜಿಟಲ್ ವಸ್ತುವಿನ ಒಡೆತನವನ್ನು ಗುರುತಿಸುವ ಬ್ಲಾಕ್‌ಚೈನ್ ದಾಖಲೆ):

“ಕ್ರಿಪ್ಟೊ ಉತ್ಪನ್ನಗಳು ಮತ್ತು ಎನ್‌ಎಫ್‌ಟಿಗಳು ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅವು ಬಹಳ ಅಪಾಯಕಾರಿ ಆಗಿರಬಹುದು. ಇಂತಹ ವ್ಯವಹಾರಗಳಿಂದ ಆಗುವ ನಷ್ಟಕ್ಕೆ ನಿಯಂತ್ರಣ ಸಂಸ್ಥೆಗಳಿಂದ ಯಾವುದೇ ಪರಿಹಾರ ಸಿಗದಿರಬಹುದು.”

ವಿಡಿಯೊದಲ್ಲಾದರೆ ಇದು ಕೊನೆಯಲ್ಲಿ ಸರಳ ಹಿನ್ನೆಲೆಯ ಮೇಲೆ ಕನಿಷ್ಠ 5 ಸೆಕೆಂಡು ಕಾಣಬೇಕು, ಸಹಜ ವೇಗದಲ್ಲಿ ಓದಿ ಹೇಳಬೇಕು. ಎರಡು ನಿಮಿಷಕ್ಕಿಂತ ಉದ್ದದ ವಿಡಿಯೊ ಆಗಿದ್ದರೆ ಶುರುವಿನಲ್ಲೂ ಬರಬೇಕು. ಸಾಮಾಜಿಕ ಜಾಲತಾಣದ ಪೋಸ್ಟ್‌ಗಳಲ್ಲಿ ಚಿತ್ರದ ಮೇಲೂ ಇರಬೇಕು, ಕೆಳಗಿನ ಬರಹದಲ್ಲೂ ಇರಬೇಕು. ಇಪ್ಪತ್ತು ಪದಗಳನ್ನು ಎರಡು ಸೆಕೆಂಡಿನಲ್ಲಿ ಉಸಿರು ಬಿಡದೆ ಓದುವ ಚಾಳಿಯನ್ನು ಬಿಡಿಸಿ. ನೋಡುಗರಿಗೆ ಅರ್ಥವಾಗಲಿ ಎಂಬುದಕ್ಕೇ ಆ ಸಾಲು ಇರುವುದು.

ಇದೇ ಮಾರ್ಗಸೂಚಿಯಲ್ಲಿ ನಾಲ್ಕು ಪದಗಳಿಗೆ ನಿಷೇಧವಿದೆ: ಕರೆನ್ಸಿ, ಸೆಕ್ಯುರಿಟೀಸ್, ಕಸ್ಟೋಡಿಯನ್, ಡಿಪಾಸಿಟರಿ. ನಿಯಂತ್ರಣಕ್ಕೆ ಒಳಪಟ್ಟ ಹಣಕಾಸು ಉತ್ಪನ್ನ ಇದು ಎಂಬ ಭ್ರಮೆ ನೋಡುಗರಲ್ಲಿ ಮೂಡಬಾರದು ಎಂಬುದು ಕಾರಣ. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ನಾವು ಮಾತಿನ ಓಘದಲ್ಲಿ ‘ಡಿಜಿಟಲ್ ಹಣ’, ‘ಹೊಸ ಕಾಲದ ನಾಣ್ಯ’ ಎಂದುಬಿಡುತ್ತೇವೆ. ಆ ಪದಗಳು ಪಟ್ಟಿಯಲ್ಲಿಲ್ಲ, ಆದರೆ ಮೂಡಿಸುವ ಭ್ರಮೆ ಅದೇ. ನನ್ನ ಸ್ಕ್ರಿಪ್ಟ್‌ಗಳಲ್ಲಿ ಇವನ್ನೂ ಹೊಡೆದು ಹಾಕುತ್ತೇನೆ. ‘ಕ್ರಿಪ್ಟೊ ಆಸ್ತಿ’ ಅಥವಾ ಬರೀ ‘ಟೋಕನ್’ ಎಂದರೆ ಸಾಕು. ಟೋಕನ್ ಎಂದರೆ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವ, ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಬಹುದಾದ ಡಿಜಿಟಲ್ ಘಟಕ.

ಲಾಭ ಹೆಚ್ಚುತ್ತದೆ ಎಂಬ ಭರವಸೆ ಕೂಡದು. 12 ತಿಂಗಳಿಗಿಂತ ಕಡಿಮೆ ಅವಧಿಯ ಗಳಿಕೆಯ ಅಂಕಿ ತೋರಿಸಕೂಡದು. ಸಾಲ, ಸಂಬಳದ ಕೊರತೆಯಂಥ ಹಣದ ತೊಂದರೆಗೆ ಇದೇ ಪರಿಹಾರ ಎನ್ನಕೂಡದು. ಮಕ್ಕಳು ಇದನ್ನು ಬಳಸುವಂತೆ ಅಥವಾ ಇದರ ಬಗ್ಗೆ ಮಾತನಾಡುವಂತೆ ತೋರಿಸಕೂಡದು.

ಇನ್ನು ಇನ್‌ಫ್ಲುಯೆನ್ಸರ್‌ಗಳ ಪಾಲಿನ ನಿಯಮ. ಹಣ, ಉಡುಗೊರೆ, ಟೋಕನ್, ಉಚಿತ ಪ್ರವಾಸ, ಯಾವುದನ್ನು ಪಡೆದಿದ್ದರೂ ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಮೊದಲ ನೋಟಕ್ಕೇ ಕಾಣುವಂತೆ ಹೇಳಬೇಕು. ಹದಿನೈದು ಹ್ಯಾಶ್‌ಟ್ಯಾಗ್‌ಗಳ ನಡುವೆ ಹುದುಗಿಸಿದರೆ ಹೇಳಿದಂತಲ್ಲ. ಪ್ರಚಾರ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿರಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯ ತನ್ನ ಕೈಪಿಡಿಯಲ್ಲಿ ಹೇಳಿದೆ. ಕನ್ನಡ ವಿಡಿಯೊಗೆ ಕನ್ನಡದಲ್ಲೇ ಘೋಷಣೆ ಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಪ್ರಚಾರ ಮಾಡಿದವರಿಗೆ ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಜಾಹೀರಾತುಗಳಿಂದ ನಿಷೇಧ ಹೇರಲೂಬಹುದು. ಇನ್‌ಫ್ಲುಯೆನ್ಸರ್‌ಗೆ ಇದನ್ನು ನೀವೇ ತಿಳಿಸಿ. ಗಂಭೀರವಾಗಿರುವವರು ಕೃತಜ್ಞತೆ ಹೇಳುತ್ತಾರೆ. ಉಳಿದವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ, ಅದೂ ಒಳ್ಳೆಯದೇ.

ಹೊರದೇಶದ ನೋಡುಗರಿದ್ದರೆ ಅಲ್ಲಿಯ ಕಾನೂನೂ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಪ್ರಕರಣವನ್ನು ಎಲ್ಲರೂ ಉದಾಹರಿಸುತ್ತಾರೆ, ಆದರೆ ಅದರ ಮುಖ್ಯ ಪಾಠವನ್ನು ಬಿಟ್ಟುಬಿಡುತ್ತಾರೆ. ಈಥಿರಿಯಂಮ್ಯಾಕ್ಸ್ ಎಂಬ ಟೋಕನ್ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆಯಲು ಅವರಿಗೆ 2,50,000 ಡಾಲರ್ ಸಂದಿತ್ತು. ಪೋಸ್ಟ್‌ನಲ್ಲಿ ಜಾಹೀರಾತು ಎಂಬ ಹ್ಯಾಶ್‌ಟ್ಯಾಗ್ ಇತ್ತು. ಆದರೂ ಸಾಲಲಿಲ್ಲ. ಎಷ್ಟು ಹಣ ಪಡೆದೆ ಎಂದು ಹೇಳಿರಲಿಲ್ಲ ಎಂಬ ಕಾರಣಕ್ಕೆ ಅಲ್ಲಿಯ ಷೇರು ನಿಯಂತ್ರಣ ಸಂಸ್ಥೆ ಎಸ್‌ಇಸಿ ಕ್ರಮ ಕೈಗೊಂಡಿತು. 2022ರ ಅಕ್ಟೋಬರ್‌ನಲ್ಲಿ 12.6 ಲಕ್ಷ ಡಾಲರ್ ತೆತ್ತು, ಮೂರು ವರ್ಷ ಇಂಥ ಪ್ರಚಾರ ಮಾಡುವುದಿಲ್ಲವೆಂದು ಒಪ್ಪಿ ಅವರು ಪ್ರಕರಣ ಮುಗಿಸಿಕೊಂಡರು. ಬ್ರಿಟನ್‌ನಲ್ಲಿ 2023ರ ಅಕ್ಟೋಬರ್ 8ರಿಂದ ಕ್ರಿಪ್ಟೊ ಪ್ರಚಾರಕ್ಕೆ ಪ್ರತ್ಯೇಕ ಕಟ್ಟಳೆಗಳಿವೆ. ‘ಗೆಳೆಯರನ್ನು ಸೇರಿಸಿ, ಬೋನಸ್ ಪಡೆಯಿರಿ’ ಎಂಬಂಥ ಆಮಿಷಕ್ಕೆ ಅಲ್ಲಿ ಅವಕಾಶವೇ ಇಲ್ಲ. ದುಬೈನಲ್ಲಿ ಕ್ರಿಪ್ಟೊಗೆಂದೇ ಇರುವ ನಿಯಂತ್ರಣ ಸಂಸ್ಥೆ ವಾರಾ, ಅದರ ಪ್ರಚಾರ ನಿಯಮಗಳು ಬೇರೆಯೇ. ಕನ್ನಡ ಚಾನೆಲ್ ಅಂದ ಮಾತ್ರಕ್ಕೆ ನೋಡುಗರೆಲ್ಲ ಕರ್ನಾಟಕದಲ್ಲೇ ಇದ್ದಾರೆ ಎಂದುಕೊಳ್ಳಬೇಡಿ. ಯಾವ ದೇಶದಿಂದ ಎಷ್ಟು ಮಂದಿ ನೋಡುತ್ತಾರೆಂಬ ಅಂಕಿ ಇನ್‌ಫ್ಲುಯೆನ್ಸರ್ ಬಳಿ ಇರುತ್ತದೆ, ಕೇಳಿ ಪಡೆಯಿರಿ.

ಹಂತ 3: ಸಂಖ್ಯೆ ನೋಡಬೇಡಿ, ಕಮೆಂಟ್ ಓದಿ

ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಲೈಕ್‌ಗಳನ್ನೂ ಕೊಳ್ಳಬಹುದು. ಕಷ್ಟದ ಪ್ರಶ್ನೆಗಳನ್ನು ಕೊಳ್ಳುವುದು ಕಷ್ಟ.

ಒಂದು ಚಾನೆಲ್ ಆರಿಸಿಕೊಂಡು ಅದರ ಕೊನೆಯ ಹತ್ತು ವಿಡಿಯೊಗಳ ಕಮೆಂಟ್‌ಗಳನ್ನು ಪೂರ್ತಿ ಓದಿ. ಒಂದು ಸಂಜೆ ಬೇಕಾಗುತ್ತದೆ, ಕೊಡಿ. ಒಂದು ಬಗೆಯ ಚಾನೆಲ್‌ನಲ್ಲಿ “ಸೂಪರ್ ಅಣ್ಣ”, ಬೆಂಕಿಯ ಚಿತ್ರ, ಮತ್ತೆ “ಸೂಪರ್ ಅಣ್ಣ”, ಐದು ನಿಮಿಷದೊಳಗೆ ಇನ್ನೂರು. ಇನ್ನೊಂದು ಬಗೆಯದರಲ್ಲಿ ಮೂವತ್ತೇ ಕಮೆಂಟ್. ಆದರೆ ದಾವಣಗೆರೆಯ ಒಬ್ಬರು ಹೀಗೆ ಬರೆದಿರುತ್ತಾರೆ: “ಸರ್, ಮಾರಿದಾಗ 1% ಟಿಡಿಎಸ್ ಕಡಿತವಾಯಿತು, ಆದರೆ ನನ್ನ ತೆರಿಗೆ ಕಡಿತದ ವಿವರ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತಿಲ್ಲ. ಎಕ್ಸ್‌ಚೇಂಜ್ ಅನ್ನು ಕೇಳಬೇಕೇ, ಆಡಿಟರ್ ಅನ್ನು ಕೇಳಬೇಕೇ?” ಅದರ ಕೆಳಗೆ ಚಾನೆಲ್ ನಡೆಸುವವರ ನಾಲ್ಕು ಸಾಲಿನ ಉತ್ತರ, ಅದಕ್ಕೆ ಇನ್ನೊಬ್ಬ ನೋಡುಗನ ತಿದ್ದುಪಡಿ, ಅದನ್ನು ಒಪ್ಪಿಕೊಂಡ ಮತ್ತೊಂದು ಉತ್ತರ. ಈ ಎರಡನೆಯ ಚಾನೆಲ್ ನಿಮ್ಮದು. ಅಲ್ಲಿರುವವರು ನಿಜವಾಗಿ ವಹಿವಾಟು ನಡೆಸಿದವರು, ತೆರಿಗೆ ಕಟ್ಟುವವರು, ತಿಳಿದುಕೊಳ್ಳಲು ಬಂದವರು.

ಆಮೇಲೆ ಹಳೆಯದನ್ನು ಕೆದಕಿ. 2021ರ ಏರುಗಾಲದಲ್ಲಿ ಇವರು ಯಾವ ಟೋಕನ್‌ಗಳನ್ನು ಹೊಗಳಿದ್ದರು? ಅವು ಈಗ ಎಲ್ಲಿವೆ? ಆ ವಿಡಿಯೊಗಳು ಇನ್ನೂ ಚಾನೆಲ್‌ನಲ್ಲಿವೆಯೇ, ಅಳಿಸಿಬಿಟ್ಟಿದ್ದಾರೆಯೇ? ತಪ್ಪು ಹೇಳಿದ್ದನ್ನು ಒಪ್ಪಿಕೊಂಡು ವಿಡಿಯೊ ಮಾಡಿದವರಿದ್ದರೆ ಅವರಿಗೆ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ. ಸದ್ದಿಲ್ಲದೆ ಅಳಿಸಿದವರು ನಾಳೆ ನಿಮ್ಮದನ್ನೂ ಅಳಿಸುತ್ತಾರೆ. ಎಚ್‌ಎಸ್‌ಆರ್ ಬಡಾವಣೆಯ ಒಂದು ಪುಟ್ಟ ತಂಡ ಪೂರ್ತಿ ಹಣ ಮುಂಗಡ ಕೊಟ್ಟು, ವಿಡಿಯೊ ಎರಡು ವಾರದೊಳಗೆ ಮಾಯವಾದುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಪ್ಪಂದದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕ್ರಿಪ್ಟೊದಲ್ಲಿ ಇನ್ನೊಂದು ಪರೀಕ್ಷೆ ಸಾಧ್ಯ, ಬೇರೆ ವ್ಯಾಪಾರಗಳಲ್ಲಿ ಇದಿಲ್ಲ. ಇನ್‌ಫ್ಲುಯೆನ್ಸರ್ ತನ್ನ ವಾಲೆಟ್ ವಿಳಾಸವನ್ನು ತಾನೇ ಬಹಿರಂಗಪಡಿಸಿದ್ದರೆ, ಈಥರ್‌ಸ್ಕ್ಯಾನ್‌ನಂಥ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನ ವಹಿವಾಟುಗಳನ್ನು ಯಾರು ಬೇಕಾದರೂ ಓದಬಹುದಾದ ತಾಣದಲ್ಲಿ, ಅದನ್ನು ಹಾಕಿ ನೋಡಿ. “ನಾನೂ ಇದನ್ನು ಇಟ್ಟುಕೊಂಡಿದ್ದೇನೆ” ಎಂದು ವಿಡಿಯೊದಲ್ಲಿ ಹೇಳಿದ ದಿನವೇ ಮಾರಿಬಿಟ್ಟಿದ್ದಾರೆಯೇ ಎಂಬುದು ದಿನಾಂಕ, ಗಂಟೆ ಸಹಿತ ಅಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಕ್ರಿಪ್ಟೊ ಒಂದನ್ನೇ ಮಾತನಾಡುವ ಚಾನೆಲ್‌ಗಳಿಗಿಂತ ವೈಯಕ್ತಿಕ ಹಣಕಾಸು, ತೆರಿಗೆ, ಮೊಬೈಲ್ ತಂತ್ರಜ್ಞಾನ ವಿವರಿಸುವವರು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಅವರು ಪ್ರಶ್ನೆ ಕೇಳುತ್ತಾರೆ, ಎಲ್ಲವನ್ನೂ ಹೊಗಳುವುದಿಲ್ಲ. ಹಾಸ್ಯದ ರೀಲ್ ಮಾಡುವವರು, ಗೇಮಿಂಗ್ ಚಾನೆಲ್‌ಗಳು ಬೇಡ. ಅಲ್ಲಿ ಶಾಲಾ ಮಕ್ಕಳು ನೋಡುತ್ತಿರುತ್ತಾರೆ, ಅವರ ಮುಂದೆ ಟೋಕನ್ ಇಡುವುದು ಸರಿಯಲ್ಲ.

ಹಂತ 4: ಮೊದಲು ಬಳಸಲಿ, ಆಮೇಲೆ ಒಪ್ಪಲಿ

ಆರಿಸಿದವರಿಗೆ ಎರಡು ವಾರ ನಿಮ್ಮ ಉತ್ಪನ್ನವನ್ನು ಬಳಸಲು ಕೊಡಿ. ಬಳಸದೆಯೇ ದರ ಹೇಳುವವರನ್ನು ಬಿಟ್ಟುಬಿಡಿ. ತಪಾಸಣಾ ವರದಿ, ಕಂಪನಿ ನೋಂದಣಿ, ಎಫ್‌ಐಯು ನೋಂದಣಿ, ಸ್ಥಾಪಕರ ವಿವರ ಇವಿಷ್ಟನ್ನು ಒಂದು ಕಡತವಾಗಿ ಕಳುಹಿಸಿ. ಕ್ರಿಪ್ಟೊ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ಪ್ರಸಿದ್ಧರು ತಾವೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು ಎಂದು ಎಎಸ್‌ಸಿಐ ಮಾರ್ಗಸೂಚಿ ಹೇಳುತ್ತದೆ. ಹಾಗೆ ವಿಚಾರಿಸಿದ್ದಕ್ಕೆ ದಾಖಲೆ ಇದ್ದರೆ ಮುಂದೆ ಅವರಿಗೆ ಅದೇ ರಕ್ಷಣೆ.

ಅವರು ತಪ್ಪು ತೋರಿಸಿದರೆ ಸಿಟ್ಟಾಗಬೇಡಿ, ಸರಿಪಡಿಸಿ. “ಇಲ್ಲಿ ಶುಲ್ಕ ಎಷ್ಟೆಂದು ಕೊನೆಯ ಪುಟದವರೆಗೂ ತಿಳಿಯುವುದಿಲ್ಲ” ಎಂದು ವಿಡಿಯೊದಲ್ಲಿ ಹೇಳುತ್ತೇನೆ ಎಂದರೆ ಹೇಳಲಿ.

ಹಂತ 5: ಹಣ ಕೊಡುವ ರೀತಿ

ನನ್ನ ಸಲಹೆ ಸ್ಪಷ್ಟ: ರೂಪಾಯಿಯಲ್ಲಿ ಕೊಡಿ, ಬ್ಯಾಂಕ್ ಮೂಲಕ ಕೊಡಿ, ಬಿಲ್ ಪಡೆಯಿರಿ.

ಕ್ರಿಪ್ಟೊ ವಲಯದಲ್ಲಿ ‘ಕೆಒಎಲ್ ರೌಂಡ್’ ಎಂಬ ಪದ್ಧತಿಯಿದೆ. ಟೋಕನ್ ಮಾರುಕಟ್ಟೆಗೆ ಬರುವ ಮೊದಲೇ ಇನ್‌ಫ್ಲುಯೆನ್ಸರ್‌ಗಳಿಗೆ ಅದನ್ನು ರಿಯಾಯಿತಿ ದರದಲ್ಲಿ ಕೊಡುತ್ತಾರೆ, ಬದಲಿಗೆ ಅವರು ಪ್ರಚಾರ ಮಾಡಬೇಕು. ಕಡಿಮೆ ನಗದು ಇರುವ ಸ್ಟಾರ್ಟ್‌ಅಪ್‌ಗೆ ಇದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ನಿಮಗೆ ಬಳಕೆದಾರರು ಉಳಿಯಬೇಕು, ಅವರಿಗೆ ಬೆಲೆ ಏರಿದ ದಿನ ಮಾರಬೇಕು. ಅವರು ಮಾರುವುದು ಯಾರಿಗೆ? ಅವರ ಮಾತು ಕೇಳಿ ಕೊಳ್ಳಲು ಬಂದ, ನಿಮ್ಮ ಹೊಸ ಗ್ರಾಹಕನಿಗೆ. ಅವನು ಮೊದಲ ವಾರದಲ್ಲೇ ನಷ್ಟ ಅನುಭವಿಸುತ್ತಾನೆ, ಮತ್ತೆ ನಿಮ್ಮ ಕಡೆ ತಲೆ ಹಾಕುವುದಿಲ್ಲ. ಈ ವ್ಯವಸ್ಥೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಟೋಕನ್ ಕೊಡಲೇಬೇಕು ಎನ್ನುವಿರಾದರೆ, ವೆಸ್ಟಿಂಗ್ ಇರಲಿ. ಅಂದರೆ ಕನಿಷ್ಠ ಒಂದು ವರ್ಷ ಬೀಗ, ಆಮೇಲೆ ತಿಂಗಳಿಗಿಷ್ಟೆಂದು ಬಿಡುಗಡೆ. ಎಷ್ಟು ಕೊಟ್ಟಿದ್ದೀರಿ, ಯಾವಾಗ ಬಿಡುಗಡೆ ಎಂಬುದನ್ನು ವಿಡಿಯೊದಲ್ಲೇ ಹೇಳಿಸಿ.

ತೆರಿಗೆಯ ತೊಡಕೂ ಇದೆ. ಟೋಕನ್ ಕೈಗೆ ಬಂದ ದಿನದ ಮೌಲ್ಯ ಇನ್‌ಫ್ಲುಯೆನ್ಸರ್‌ಗೆ ಆದಾಯ. ಆಮೇಲೆ ಮಾರಿದಾಗ ಬಂದ ಲಾಭಕ್ಕೆ 30% ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಕೊಡುವ ನಿಮಗೂ ತೆರಿಗೆ ಕಡಿತದ ಹೊಣೆ ಇದೆ: ನಗದಲ್ಲದ ಉಡುಗೊರೆ, ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ 10% ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈಯಲ್ಲಿ ಬಂತು. ಇಲ್ಲಿ ಅಕೌಂಟೆಂಟ್ ಮಾತೇ ಕೊನೆ. ನಗದು ಶುಲ್ಕಕ್ಕೂ ಟಿಡಿಎಸ್ ಇದೆ; ಜಿಎಸ್‌ಟಿ ನೋಂದಣಿ ಇರುವ ಇನ್‌ಫ್ಲುಯೆನ್ಸರ್ ಆಗಿದ್ದರೆ ಬಿಲ್ಲಿನ ಮೇಲೆ 18% ಸೇರುತ್ತದೆ. ಬಜೆಟ್ ಹಾಕುವಾಗಲೇ ಇವನ್ನು ಬರೆದುಕೊಳ್ಳಿ.

ಕಂತುಗಳನ್ನು ನಾನು ಹೀಗೆ ಮಾಡುತ್ತೇನೆ: ಸಹಿ ಹಾಕಿದಾಗ 30%, ವಿಡಿಯೊ ಪ್ರಕಟವಾದಾಗ 40%, ಅರವತ್ತು ದಿನಗಳ ನಂತರವೂ ವಿಡಿಯೊ ಮತ್ತು ಅದರ ಎಚ್ಚರಿಕೆಯ ಸಾಲು ಹಾಗೆಯೇ ಇದ್ದರೆ ಉಳಿದ 30%. ಒಪ್ಪಂದದಲ್ಲಿ ಈ ಮಾತುಗಳು ಇರಲಿ: ಲಾಭದ ಭರವಸೆ ಕೊಡುವಂತಿಲ್ಲ, ಘೋಷಣೆ ಕಡ್ಡಾಯ, ವಿಡಿಯೊ ಎಷ್ಟು ಕಾಲ ಉಳಿಯಬೇಕು, ಭದ್ರತಾ ಅವಘಡವಾದರೆ ಎಷ್ಟು ಗಂಟೆಯೊಳಗೆ ಪ್ರಚಾರ ನಿಲ್ಲಿಸಬೇಕು. ‘ಹೊಸ ಖಾತೆಯೊಂದಕ್ಕೆ ಇಷ್ಟು’ ಎಂದು ಕಮಿಷನ್ ಮಾತ್ರ ಕೊಡುವ ಒಪ್ಪಂದ ಬೇಡ. ಅದು ಅತಿಶಯೋಕ್ತಿಗೆ ದಾರಿ ಮಾಡಿಕೊಡುತ್ತದೆ.

ಹಂತ 6: ಬ್ರೀಫ್ ಬರೆಯುವುದು

ಬ್ರೀಫ್ ಎಂದರೆ ಇನ್‌ಫ್ಲುಯೆನ್ಸರ್‌ಗೆ ನೀವು ಕೊಡುವ ಒಂದು ಪುಟದ ಸೂಚನೆ. ಪದ ಪದವನ್ನೂ ಬರೆದುಕೊಟ್ಟರೆ ಅದು ಗಿಳಿಪಾಠವಾಗುತ್ತದೆ, ನೋಡುಗರಿಗೆ ಮೂರನೇ ಸೆಕೆಂಡಿಗೇ ತಿಳಿಯುತ್ತದೆ. ಏನು ತೋರಿಸಬೇಕು, ಏನು ಹೇಳಕೂಡದು ಎಂಬೆರಡನ್ನೇ ಬರೆಯಿರಿ.

ಉದಾಹರಣೆಗೆ ವಾಲೆಟ್ ಒಂದರ ಪ್ರಚಾರ ಎಂದುಕೊಳ್ಳಿ. ಹೇಳಕೂಡದ ಸಾಲು: “ಈಗಲೇ ಸೇರಿ, ತಡ ಮಾಡಿದರೆ ಪಶ್ಚಾತ್ತಾಪ ಪಡುತ್ತೀರಿ.” ಇದರ ಬದಲು: “ಈ ವಾಲೆಟ್ ತೆರೆಯುವಾಗ ಹನ್ನೆರಡು ಪದಗಳು ಕಾಣುತ್ತವೆ. ಇದನ್ನು ಸೀಡ್ ಫ್ರೇಸ್ ಎನ್ನುತ್ತಾರೆ, ನಿಮ್ಮ ತಿಜೋರಿಯ ಬೀಗದ ಕೈ ಇದು. ನಾನು ಇದನ್ನು ಪರದೆಯ ಮೇಲೆ ಮಸುಕು ಮಾಡಿದ್ದೇನೆ. ನೀವು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಫೋಟೊ ತೆಗೆಯಬೇಡಿ. ಕಂಪನಿಯವರೇ ಫೋನ್ ಮಾಡಿ ಕೇಳಿದರೂ ಹೇಳಬೇಡಿ.” ಈ ಸಾಲುಗಳಲ್ಲಿ ನಿಮ್ಮ ಹೊಗಳಿಕೆ ಇಲ್ಲ. ಆದರೆ ಶಿವಮೊಗ್ಗದಲ್ಲಿ ಕುಳಿತು ನೋಡುತ್ತಿರುವ ಹುಡುಗಿಗೆ ಇವರು ನನ್ನ ಹಣದ ಬಗ್ಗೆ ಯೋಚಿಸಿದ್ದಾರೆ ಎಂದು ಅನ್ನಿಸುತ್ತದೆ. ಅದರ ಬೆಲೆ ಹೊಗಳಿಕೆಗಿಂತ ಹೆಚ್ಚು.

ಪ್ರಕಟಿಸುವ ಮೊದಲು ವಿಡಿಯೊವನ್ನು ವಕೀಲರು ಒಮ್ಮೆ ನೋಡಲಿ. ನೀವು ತಪ್ಪು ಮಾಹಿತಿಯನ್ನು ಮಾತ್ರ ತಿದ್ದಿ, ಟೀಕೆಯನ್ನು ಅಳಿಸಬೇಡಿ. ಯೂಟ್ಯೂಬ್‌ನಲ್ಲಿ ಹಣ ಪಡೆದ ಪ್ರಚಾರವೆಂದು ಗುರುತು ಹಾಕುವ ಆಯ್ಕೆ ಇದೆ, ಇನ್‌ಸ್ಟಾಗ್ರಾಂನಲ್ಲೂ ಅಂಥದ್ದೇ ಗುರುತು ಇದೆ. ಎರಡನ್ನೂ ಬಳಸಿದ್ದಾರೆಯೇ ನೋಡಿ.

ಹಂತ 7: ಪ್ರಕಟವಾದ ದಿನ ಕಾವಲು ಕಾಯಿರಿ

ವಿಡಿಯೊಗೆ ಜನ ಬಂದ ಕೂಡಲೇ ವಂಚಕರೂ ಬರುತ್ತಾರೆ. ನಿಮ್ಮದೇ ಚಿಹ್ನೆ, ನಿಮ್ಮದೇ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ಟೆಲಿಗ್ರಾಂ ಖಾತೆ ತೆರೆದು, “ನಿಮ್ಮ ಖಾತೆಯಲ್ಲಿ ತೊಂದರೆ ಇದೆ, ನಾವು ಸರಿಪಡಿಸುತ್ತೇವೆ” ಎಂದು ಹೊಸಬರಿಗೆ ಖಾಸಗಿ ಸಂದೇಶ ಕಳುಹಿಸುತ್ತಾರೆ. ಇನ್‌ಫ್ಲುಯೆನ್ಸರ್ ಹೆಸರಿನಲ್ಲೇ ಕಮೆಂಟ್ ಹಾಕಿ “ಬಹುಮಾನ ಗೆದ್ದಿದ್ದೀರಿ, ವಾಟ್ಸ್‌ಆ್ಯಪ್ ಮಾಡಿ” ಎನ್ನುವವರೂ ಇದ್ದಾರೆ. ಮೊದಲ 48 ಗಂಟೆ ನಿಮ್ಮ ತಂಡದ ಇಬ್ಬರು ಪಾಳಿಯಲ್ಲಿ ಕಮೆಂಟ್‌ಗಳನ್ನು ನೋಡುತ್ತಿರಬೇಕು, ಇಂಥವನ್ನು ಅಳಿಸಿ ದೂರು ಕೊಡಬೇಕು. ಪಿನ್ ಮಾಡಿದ ಮೊದಲ ಕಮೆಂಟ್ ಇಷ್ಟೇ ಇರಲಿ: ಅಧಿಕೃತ ಕೊಂಡಿ, ಎಚ್ಚರಿಕೆಯ ಸಾಲು, ‘ನಾವು ಮೊದಲಾಗಿ ಯಾರಿಗೂ ಖಾಸಗಿ ಸಂದೇಶ ಕಳುಹಿಸುವುದಿಲ್ಲ’ ಎಂಬ ಮಾತು. ಹಣ ಕಳೆದುಕೊಂಡೆ ಎಂದು ಯಾರಾದರೂ ಬರೆದರೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಲು ತಿಳಿಸಿ. ಸಮಯ ಕಳೆದಂತೆ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಹಂತ 8: ಉಳಿದವರನ್ನು ಎಣಿಸಿ

ಪ್ರತಿ ಇನ್‌ಫ್ಲುಯೆನ್ಸರ್‌ಗೂ ಬೇರೆ ಬೇರೆ ಕೊಂಡಿ ಕೊಡಿ. ಯಾರ ವಿಡಿಯೊದಿಂದ ಯಾರು ಬಂದರೆಂದು ಅದರಿಂದ ತಿಳಿಯುತ್ತದೆ. ಲೆಕ್ಕ ಹೇಗೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಿ. ದೊಡ್ಡ ಚಾನೆಲ್‌ಗೆ 1,50,000 ರೂಪಾಯಿ ಕೊಟ್ಟಿರಿ. 60,000 ಮಂದಿ ನೋಡಿದರು, 900 ಮಂದಿ ಕೊಂಡಿ ಒತ್ತಿದರು, 240 ಮಂದಿ ಖಾತೆ ತೆರೆದರು, ಮೂವತ್ತು ದಿನದ ನಂತರ ಬಳಸುತ್ತಿರುವವರು 60. ತಲಾ ವೆಚ್ಚ 2,500 ರೂಪಾಯಿ. ಸಣ್ಣ ಚಾನೆಲ್‌ಗೆ 25,000 ಕೊಟ್ಟಿರಿ. ನೋಡಿದವರು 8,000, ಒತ್ತಿದವರು 300, ಖಾತೆ ತೆರೆದವರು 110, ತಿಂಗಳ ನಂತರ ಉಳಿದವರು 40. ತಲಾ ವೆಚ್ಚ 625. ಮೊದಲ ದಿನದ ವರದಿ ನೋಡಿದ್ದರೆ ನೀವು ದೊಡ್ಡ ಚಾನೆಲ್‌ಗೇ ಮತ್ತೆ ಹಣ ಕೊಡುತ್ತಿದ್ದಿರಿ.

ಏರ್‌ಡ್ರಾಪ್ ಬಗ್ಗೆ ಎಚ್ಚರ. ಉಚಿತ ಟೋಕನ್ ಹಂಚಿಕೆಗೆ ಆ ಹೆಸರು. ಅದರ ಆಸೆಗೆ ಒಬ್ಬನೇ ವ್ಯಕ್ತಿ ನೂರಾರು ವಾಲೆಟ್ ತೆರೆದು ಬರುತ್ತಾನೆ, ಟೋಕನ್ ಸಿಕ್ಕ ದಿನ ಹೋಗುತ್ತಾನೆ. ಪ್ರಚಾರದ ವಾರದಲ್ಲಿ ಏರ್‌ಡ್ರಾಪ್ ಘೋಷಿಸಿದರೆ ನಿಮ್ಮ ಅಂಕಿಅಂಶವೆಲ್ಲ ಕಲಬೆರಕೆಯಾಗುತ್ತದೆ. ಯಾವ ವಿಡಿಯೊ ಕೆಲಸ ಮಾಡಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಹಂತ 9: ಕೆಟ್ಟ ದಿನಕ್ಕೆ ತಯಾರಿ

2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು, ಗ್ರಾಹಕರು ಹಣ ಹಿಂಪಡೆಯುವುದು ನಿಂತುಹೋಯಿತು. ಇಂಥ ದಿನ ಯಾರಿಗೂ ಬರಬಹುದು. ಆ ಹೊತ್ತಿನಲ್ಲಿ ನಿಮ್ಮ ಇನ್‌ಫ್ಲುಯೆನ್ಸರ್ ಮುಂಗಡವಾಗಿ ಹೊಂದಿಸಿಟ್ಟ ರೀಲ್ ಸಂಜೆ ಆರಕ್ಕೆ ತಾನಾಗಿಯೇ ಪ್ರಕಟವಾಗಿ “ಇಂದೇ ಖಾತೆ ತೆರೆಯಿರಿ” ಎಂದರೆ, ಹಣ ಸಿಕ್ಕಿಹಾಕಿಕೊಂಡವರ ಮನಸ್ಸು ಏನಾಗಬೇಡ?

ಅದಕ್ಕಾಗಿ ಇಂದೇ ಒಂದು ಹಾಳೆ ಸಿದ್ಧಮಾಡಿ. ಯಾರ ಬಳಿ ಯಾವ ಪೋಸ್ಟ್ ಯಾವ ದಿನಕ್ಕೆ ಹೊಂದಿಸಿದೆ, ಅವರ ಫೋನ್ ಸಂಖ್ಯೆ ಏನು, ಅವರು ಸಿಗದಿದ್ದರೆ ಅವರ ಕಡೆ ಯಾರು ಸಿಗುತ್ತಾರೆ ಎಂದು ಬರೆಯಿರಿ. ಅವಘಡವಾದ ಮೊದಲ ಗಂಟೆಯಲ್ಲಿ ಎಲ್ಲರಿಗೂ ನೀವೇ ಫೋನ್ ಮಾಡಿ, ದಲ್ಲಾಳಿ ಮೂಲಕ ಬೇಡ. ಏನಾಗಿದೆ ಎಂದು ಗೊತ್ತಿರುವಷ್ಟನ್ನು ಹೇಳಿ, ಹಳೆಯ ಪ್ರಚಾರ ವಿಡಿಯೊದ ಮೇಲ್ಭಾಗದಲ್ಲಿ ಅದನ್ನು ಬರೆಯಲು ಕೇಳಿ. ಈ ಹಾಳೆಯ ಒಂದು ಪ್ರತಿ ನಿಮ್ಮ ಬಳಿ, ಇನ್ನೊಂದು ಗ್ರಾಹಕ ಸೇವೆಯ ಮೇಜಿನ ಮೇಲೆ ಇರಲಿ. ಹೊಸ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಅದಕ್ಕೊಂದು ಸಾಲು ಸೇರಿಸಿ.